ಪ್ರತಿಕ್ರಿಯೆ: ಮೈಸೂರಿನಲ್ಲಿ ಕೊಂಡ ವೀಣೆಯ ಶ್ರುತಿದೋಷ, ಹೊಣೆ ಒಪ್ಪದ ಅಂಗಡಿ

ಮೈಸೂರಿನಲ್ಲಿ ಕೊಂಡ ಹೊಸ ವೀಣೆಯಲ್ಲಿ ಕೆಲವು ಸ್ವರಸ್ಥಾನಗಳಲ್ಲಿ ಮಾತ್ರ ಸ್ವರ ತಪ್ಪುತ್ತಿದೆ, ಅಂಗಡಿಯವರು ಹೊಣೆ ಒಪ್ಪುತ್ತಿಲ್ಲ ಎಂದು ನೀವು ಬರೆದಿರುವುದರಿಂದ, 24 ಮೆಟ್ಟಿಲುಗಳನ್ನು (ತಂತಿಯ ಕೆಳಗಿನ ಲೋಹದ ಅಡ್ಡಪಟ್ಟಿಗಳನ್ನು) ಹಿಡಿದಿರುವ ಮೇಣ ಸಡಿಲಗೊಂಡು ಅವು ಸರಿದಿರುವುದೇ ಬಹುಶಃ ಕಾರಣ. ಮೇಳ ಕಟ್ಟಿದ್ದರಲ್ಲೇ, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿದ್ದರಲ್ಲೇ, ದೋಷವಿತ್ತೋ, ಬಿಸಿಲಿನ ಝಳಕ್ಕೆ ಮೇಣ ಮೆತ್ತಗಾಯಿತೋ ಎಂಬುದನ್ನು ವಾದ್ಯವನ್ನು ನೋಡದೆ ಹೇಳಲಾಗದು. ಅಂಗಡಿಯವರೂ ನೋಡದೆಯೇ ತಪ್ಪನ್ನು ನಿಮ್ಮ ಮೇಲೆ ಹೊರಿಸಿರುವುದು ಅನ್ಯಾಯ.

ಮೊದಲು ಸಾರಣಿಯನ್ನು, ಅಂದರೆ ನುಡಿಸುವ ಮುಖ್ಯ ತಂತಿಯನ್ನು, ಶ್ರುತಿಗೆ ಸೇರಿಸಿ, ಹನ್ನೆರಡನೆಯ ಮೆಟ್ಟಿಲಿನಲ್ಲಿ ಮೇಲಿನ ಷಡ್ಜ (ಮೇಲಿನ ಸ್ಥಾಯಿಯ ‘ಸ’) ನಿಖರವಾಗಿ ಬರುತ್ತದೆಯೇ ಎಂದು ಪರೀಕ್ಷಿಸಿ, ಅದನ್ನು ವಿಡಿಯೊ ಮಾಡಿಕೊಳ್ಳಿ. ಮೇಣವನ್ನು ಮಾತ್ರ ದಯವಿಟ್ಟು ನೀವಾಗಿ ಮುಟ್ಟಬೇಡಿ, ಏಕೆಂದರೆ ಆಮೇಲೆ ಮೂಲದೋಷವನ್ನು ತೋರಿಸುವುದು ಕಷ್ಟ. ಬೇರೊಬ್ಬ ವೀಣೆ ತಯಾರಕರಿಂದ ಲಿಖಿತ ಅಭಿಪ್ರಾಯ ಪಡೆದು, ರಸೀದಿಯ ಪ್ರತಿಯೊಂದಿಗೆ, ಹದಿನೈದು ದಿನಗಳೊಳಗೆ ಸರಿಪಡಿಸಬೇಕೆಂದು ಅಂಗಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದೂ ಫಲಿಸದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ, ಮೈಸೂರಿಗೆ ಅಲೆಯದೆ ನೀವಿರುವ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ; ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.