ಪ್ರತಿಕ್ರಿಯೆ: ‘ಮಿಂಗಲಾಬಾ’ ನಮ್ಮ ಮಂಗಳವೇನಾ?

ಬರ್ಮಾದವರು ಹೇಳುವ ‘ಮಿಂಗಲಾಬಾ’ ಅಂದರೆ ನಮಸ್ಕಾರನಾ, ಅದು ನಮ್ಮ ‘ಮಂಗಳ’ದಿಂದ ಬಂದಿದ್ದಾ ಅಂತ ಕೇಳಿದ್ದೀರಿ. ಹೌದು, ನಿಮ್ಮ ಊಹೆ ಸರಿ. ಪಾಲಿ ಭಾಷೆಯ ‘ಮಂಗಲ’ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋಯಿತು. ಕೊನೆಯ ‘ಬಾ’ ಅವರದ್ದೇ, ಬರೆಯುವುದು ‘ಪಾ’ ಅಂತ, ಮಾತಿಗೆ ಮರ್ಯಾದೆ ಸೇರಿಸುವ ಪ್ರತ್ಯಯ, ನಾವು ಮಾತಿಗೆ ‘ರೀ’ ಸೇರಿಸಿದ ಹಾಗೆ.

ಬರಹ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಅವರು ಬರೆಯುವುದು ‘ಮಂಗಲಾ’ ಅಂತಲೇ, ಓದುವಾಗ ಮಾತ್ರ ‘ಮಿಂ’ ಆಗುತ್ತೆ. ನಮ್ಮ ಒತ್ತಕ್ಷರ ಕೆಳಗೆ ಕೂತರೆ, ಅಲ್ಲಿ ‘ಮಂ’ನ ಸೊನ್ನೆಯ ಜಾಗದಲ್ಲಿ ಬರುವ ‘ಙ’ ಚಿಕ್ಕದಾಗಿ ‘ಗ’ದ ತಲೆಯ ಮೇಲೆ ಕೂರುತ್ತೆ. ನನಗಂತೂ ಅದನ್ನು ನೋಡೋದೇ ಖುಷಿ.

ಅರ್ಥ ಬರೀ ನಮಸ್ಕಾರ ಅಲ್ಲ. ಮಿಂಗಲಾ ಅಂದರೆ ಶುಭ. ಮದುವೆಗೆ ‘ಮಿಂಗಲಾಸೌಂಗ್’ ಅಂತಾರೆ. 38 ಮಂಗಳಗಳನ್ನು ಹೇಳುವ ಬುದ್ಧನ ‘ಮಂಗಲ ಸುತ್ತ’ ಅನ್ನೋ ಉಪದೇಶ ಅಲ್ಲಿ ಮಕ್ಕಳಿಗೂ ಗೊತ್ತು.

ಆದರೆ ಪದ ಹಳೆಯದಾದರೂ ಹೀಗೆ ನಮಸ್ಕಾರದ ಥರ ಹೇಳೋದು ಹಳೆಯದಲ್ಲ, ಬ್ರಿಟಿಷರ ಕಾಲದಲ್ಲಿ ಶುರುವಾದದ್ದು. ಶಾಲೆಯಲ್ಲಿ ಮಕ್ಕಳು ಎದ್ದು ನಿಂತು ಟೀಚರಿಗೆ ‘ಮಿಂಗಲಾಬಾ ಸಯಾಮಾ’, ಅಂದರೆ ನಮಸ್ಕಾರ ಮೇಡಂ, ಅಂತಾರೆ. ಅಕ್ಕಪಕ್ಕದ ಮನೆಯವರು ಎದುರು ಸಿಕ್ಕರೆ ಜಾಸ್ತಿ ಕೇಳೋದು ‘ಥಮಿನ್ ಸಾ ಪೀಬೀಲಾ’, ಅಂದರೆ ಅನ್ನ ತಿಂದಾಯ್ತಾ ಅಂತ. ನಮ್ಮ ‘ಊಟ ಆಯ್ತಾ’ನೇ ಅಲ್ವಾ! ನೀವು ಹೋದಾಗ ಅಂಗಡಿಯಲ್ಲಿ, ಹೋಟೆಲಲ್ಲಿ ಧೈರ್ಯವಾಗಿ ಮಿಂಗಲಾಬಾ ಅನ್ನಿ. ಸ್ವಲ್ಪ ಪರಿಚಯ ಆದಮೇಲೆ ಊಟದ ಮಾತು ಕೇಳಿ.