ಅಮೆರಿಕದ ಸರ್ಕಾರಿ ಶಾಲೆಗಳ ವಿಜ್ಞಾನ ಪಾಠದಲ್ಲಿ ವಿಕಾಸವಾದದ ಜೊತೆ, ಜೀವಿಗಳನ್ನು ದೇವರೇ ಸೃಷ್ಟಿಸಿದ ಎನ್ನುವ ಸೃಷ್ಟಿವಾದವನ್ನೂ ಯಾಕೆ ಕಲಿಸಬಾರದು?

ಸೃಷ್ಟಿಕಥೆಗಳನ್ನು ಧರ್ಮ, ಚರಿತ್ರೆಯ ಪಾಠದಲ್ಲಿ ಹೇಳಲಿ, ನನ್ನ ತಕರಾರಿಲ್ಲ. ಆದರೆ ಪರೀಕ್ಷೆಗೆ ಒಡ್ಡಲಾಗದ ಮಾತಿಗೆ ವಿಜ್ಞಾನದ ತರಗತಿಯಲ್ಲೇನು ಕೆಲಸ?

ವಿಕಾಸವಾದ ಕಲಿಸಿದರೆ 'ಸೃಷ್ಟಿ ವಿಜ್ಞಾನ'ವನ್ನೂ ಕಲಿಸಬೇಕೆಂಬ ಲೂಯಿಸಿಯಾನದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1987ರಲ್ಲೇ ತಳ್ಳಿಹಾಕಿತು. ಅದರ ಉದ್ದೇಶ ಧರ್ಮಪ್ರಚಾರ ಅಂತ. ಆಮೇಲೆ ಹಳೇ ಸರಕೇ 'ಬುದ್ಧಿವಂತ ವಿನ್ಯಾಸ' (ಜೀವಿಗಳ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕನಿದ್ದಾನೆ ಎಂಬ ವಾದ) ಎಂಬ ಹೊಸ ಹೆಸರಲ್ಲಿ ಬಂತು. ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ಶಾಲಾ ಮಂಡಳಿ ಅದನ್ನು ತರಗತಿಗೆ ತಂದಾಗ 11 ಪೋಷಕರು ಕೋರ್ಟಿಗೆ ಹೋದರು. ಅಲ್ಲಿ ಬಯಲಾದದ್ದು ಮಜವಾಗಿದೆ: ಮಂಡಳಿ ಶಿಫಾರಸು ಮಾಡಿದ್ದ ಪುಸ್ತಕದ ಕರಡಿನಲ್ಲಿ 'ಸೃಷ್ಟಿವಾದಿಗಳು' ಎಂದಿದ್ದನ್ನು 'ವಿನ್ಯಾಸ ಪ್ರತಿಪಾದಕರು' ಎಂದು ತಿದ್ದುವಾಗ ಒಂದು ಕಡೆ ಎರಡೂ ಪದ ಕಲಸಿಕೊಂಡು ಹಾಗೇ ಉಳಿದಿತ್ತು! 2005ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ (ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ನೇಮಿಸಿದವರೇ) ಇದು ವಿಜ್ಞಾನವಲ್ಲ ಎಂದು ತೀರ್ಪಿತ್ತರು. ಮಂಡಳಿ ಮೇಲ್ಮನವಿಗೂ ಹೋಗಲಿಲ್ಲ.