ಡೆಮೋಯ್ನ್‌ಗೆ ಬರುವ ಮೊದಲು ಗ್ರಾಸ್ಲಿ ಬಗ್ಗೆ ಸ್ವಲ್ಪ

ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಬೆಂಗಳೂರಿನಿಂದ ಅಮೆರಿಕದ ಅಯೋವಾ ರಾಜ್ಯದ ಡೆಮೋಯ್ನ್‌ಗೆ ಬರುತ್ತಿದ್ದೀರಿ, ಇನ್ಶೂರೆನ್ಸ್ ಕಂಪನಿಯ ಪ್ರಾಜೆಕ್ಟ್. "ಅಯೋವಾನಾ? ಎಚ್-1ಬಿ ಕಂಡರೆ ಆಗದ ಆ ಮುದುಕ ಸೆನೆಟರ್ ಊರಲ್ವಾ ಅದು" ಎಂದು ಆಫೀಸಿನಲ್ಲಿ ಯಾರೋ ನಿಮ್ಮನ್ನು ಹೆದರಿಸಿದ್ದಾರೆ. ಜನ ಹೇಗೆ, ಈ ಚಕ್ ಗ್ರಾಸ್ಲಿ ಯಾರು, ಭಯಪಡಬೇಕಾ ಎಂದು ಕೇಳಿದ್ದೀರಿ.

ಜನರ ವಿಷಯ ಬೇಗ ಮುಗಿಸುತ್ತೇನೆ. ಒಳ್ಳೆಯವರು. ಮಾತು ಕಡಿಮೆ. ಹಿಮದಲ್ಲಿ ಕಾರು ಸಿಕ್ಕಿಬಿದ್ದರೆ ಗುರುತಿಲ್ಲದವರೇ ಬಂದು ತಳ್ಳುತ್ತಾರೆ. ಮ್ಯಾಡ್ರಿಡ್ ಎಂಬ ಸಣ್ಣ ಊರಿನಲ್ಲಿ ದೇವಸ್ಥಾನ ಇದೆ. ಸೋನಾ ಮಸೂರಿ, ಮೆಂತ್ಯ ಸೊಪ್ಪು ಸಿಗುತ್ತವೆ. ಚಳಿಯ ಬಗ್ಗೆ ಬೇರೆಯವರು ಈಗಾಗಲೇ ಸಾಕಷ್ಟು ಹೇಳಿರುತ್ತಾರೆ. ಗ್ರಾಸ್ಲಿ ಬಗ್ಗೆ ಮಾತ್ರ ಉದ್ದಕ್ಕೆ ಬರೆಯುತ್ತೇನೆ. ನಿಮ್ಮ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಸಾಲಿಗೂ ಈ ಮನುಷ್ಯನಿಗೂ ಸಂಬಂಧ ಇದೆ.

ಗ್ರಾಸ್ಲಿ ಹುಟ್ಟಿದ್ದು 1933ರಲ್ಲಿ, ನ್ಯೂ ಹಾರ್ಟ್‌ಫರ್ಡ್ ಎಂಬ ಹಳ್ಳಿಯಲ್ಲಿ. ರೈತರ ಮನೆ. ಎಂ.ಎ. ಮಾಡಿಕೊಂಡವರು, ಆದರೂ ಫ್ಯಾಕ್ಟರಿಯಲ್ಲಿ ತಗಡು ಕತ್ತರಿಸಿದ್ದಾರೆ, ಅಸೆಂಬ್ಲಿ ಲೈನ್‌ನಲ್ಲಿ ನಿಂತಿದ್ದಾರೆ. ಹತ್ತಿರ ಹತ್ತಿರ ಹತ್ತು ವರ್ಷ ಯೂನಿಯನ್ ಮೆಂಬರ್ ಕೂಡ ಆಗಿದ್ದರು. ಕನ್ಸರ್ವೇಟಿವ್ ರಿಪಬ್ಲಿಕನ್ ಯೂನಿಯನ್ ಮೆಂಬರ್! ಈಗ ಹೇಳಿದರೆ ನಗುತ್ತಾರೆ. 1959ರಲ್ಲಿ ಅಯೋವಾದ ಶಾಸನಸಭೆಗೆ ಹೋದರು. 1974ರಲ್ಲಿ ವಾಟರ್‌ಗೇಟ್ ಹಗರಣದಿಂದ ರಿಪಬ್ಲಿಕನ್ನರು ಎಲ್ಲೆಲ್ಲೂ ನೆಲಕಚ್ಚಿದಾಗ ಇವರು ಅಮೆರಿಕ ಸಂಸತ್ತಿನ ಕೆಳಮನೆ 'ಹೌಸ್'ಗೆ ಗೆದ್ದು ವಾಷಿಂಗ್ಟನ್ ಸೇರಿದರು. 1980ರಲ್ಲಿ ರೇಗನ್ ಅಲೆಯಲ್ಲಿ ಮೇಲ್ಮನೆಯಾದ ಸೆನೆಟ್‌ಗೆ ಆರಿಸಿ ಬಂದರು. ಅಲ್ಲಿಂದ ಇಳಿದೇ ಇಲ್ಲ. 2022ರಲ್ಲಿ ಎಂಟನೇ ಸಲ ಗೆದ್ದರು. ವಯಸ್ಸು 90 ದಾಟಿದೆ, ಸೆನೆಟ್‌ನಲ್ಲಿ ಅವರೇ ಹಿರಿಯರು. ಮೊಮ್ಮಗ ಪ್ಯಾಟ್ ಗ್ರಾಸ್ಲಿ 2020ರಲ್ಲಿ ಅಯೋವಾ ಹೌಸ್‌ನ ಸ್ಪೀಕರ್ ಆದ. ಕುಟುಂಬ ರಾಜಕಾರಣ ನಮ್ಮ ಕಡೆ ಮಾತ್ರ ಎಂದುಕೊಂಡಿದ್ದರೆ ಬಿಟ್ಟುಬಿಡಿ.

ಊರವರು ಯಾಕೆ ಬಿಡುವುದಿಲ್ಲ? ಹಾಜರಿ. 1993ರ ದೊಡ್ಡ ಪ್ರವಾಹದಲ್ಲಿ ಅಯೋವಾದಲ್ಲಿದ್ದ ಕಾರಣ ಸೆನೆಟ್‌ನಲ್ಲಿ ಒಂದು ಮತದಾನ ತಪ್ಪಿತು. ಆಮೇಲೆ 2020ರ ನವೆಂಬರ್‌ನಲ್ಲಿ ಕೋವಿಡ್ ಹಿಡಿಯುವವರೆಗೆ ಒಂದೂ ತಪ್ಪಿಸಲಿಲ್ಲ. ಸಾಲಾಗಿ 8,927 ಮತದಾನ. ಅಯೋವಾದಲ್ಲಿ 99 ಕೌಂಟಿಗಳಿವೆ. ಪ್ರತಿ ವರ್ಷ ಎಲ್ಲಕ್ಕೂ ಹೋಗಿ ಕೂರುತ್ತಾರೆ. ಇಲ್ಲಿ ಪ್ರಚಾರಕ್ಕೆ ಬರುವ ಅಧ್ಯಕ್ಷೀಯ ಅಭ್ಯರ್ಥಿಗಳು 99ನ್ನೂ ಸುತ್ತಿದರೆ ಅದಕ್ಕೆ 'ಫುಲ್ ಗ್ರಾಸ್ಲಿ' ಎಂದೇ ಹೆಸರು.

ಅಂಥ ಒಂದು ಸಭೆಗೆ ನಾನೂ ಹೋಗಿದ್ದೆ. ಸಣ್ಣ ಊರು, ಮಡಚುವ ಕುರ್ಚಿಗಳು, ಮೂಲೆಯಲ್ಲಿ ಕಾಫಿ. ಭಾಷಣ ಇರಲಿಲ್ಲ. ಯಾರಿಗೆ ಏನು ಕೇಳಬೇಕು ಎಂದು ಮೊದಲು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡರು, ಆಮೇಲೆ ಅದೇ ಸಾಲಿನಲ್ಲಿ ಉತ್ತರ. ಎಥನಾಲ್, ಮಾಜಿ ಸೈನಿಕರ ಆಸ್ಪತ್ರೆ, ಔಷಧಿ ಬೆಲೆ. ಒಬ್ಬಳು ಹುಡುಗಿ ಮುಖಕ್ಕೆ ಹೊಡೆದ ಹಾಗೆ ಬೈದಳು. ಕೇಳಿಸಿಕೊಂಡರು, ಒಪ್ಪಲಿಲ್ಲ, ಮುಂದಿನ ಹೆಸರು ಕರೆದರು. ನಮ್ಮ ಕಡೆಯ ಎಂಪಿ ಹೀಗೆ ಸುಮ್ನೆ ಕೂತು ಬೈಸಿಕೊಂಡಿದ್ದನ್ನು ನಾನಂತೂ ನೋಡಿಲ್ಲ.

ಈಗ ಅಸಲು ವಿಷಯ. ಗ್ರಾಸ್ಲಿಯ ಜೀವನದ ದೊಡ್ಡ ಕೆಲಸ ವೀಸಾ ಅಲ್ಲ, ಸರ್ಕಾರಿ ದುಡ್ಡು ತಿನ್ನುವವರ ಬೆನ್ನು ಹತ್ತುವುದು. ಅಧ್ಯಕ್ಷ ರೇಗನ್ ತಮ್ಮದೇ ಪಕ್ಷದವರಾದರೂ ಪೆಂಟಗನ್ (ರಕ್ಷಣಾ ಇಲಾಖೆ) ಖರ್ಚನ್ನು ಗ್ರಾಸ್ಲಿ ಪ್ರಶ್ನಿಸಿದರು. 1986ರಲ್ಲಿ ಲಿಂಕನ್ ಕಾಲದ 'ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್'ಗೆ ಮತ್ತೆ ಹಲ್ಲು ಬರಿಸಿದರು. ಸರ್ಕಾರಕ್ಕೆ ಮೋಸ ಮಾಡಿದ ಕಂಪನಿಯ ಗುಟ್ಟನ್ನು ಒಳಗಿನವನೇ ಹೊರಹಾಕಿ ಕೇಸ್ ಗೆದ್ದರೆ, ವಸೂಲಾದ ಹಣದಲ್ಲಿ ಅವನಿಗೂ ಪಾಲು. 1991ರಲ್ಲಿ ಗಲ್ಫ್ ಯುದ್ಧಕ್ಕೆ 'ಬೇಡ' ಎಂದ ರಿಪಬ್ಲಿಕನ್ ಸೆನೆಟರುಗಳು ಇಬ್ಬರೇ, ಅದರಲ್ಲಿ ಇವರೊಬ್ಬರು.

ಎಚ್-1ಬಿಯನ್ನೂ ಅದೇ ಅನುಮಾನದ ಕಣ್ಣಿನಿಂದ ನೋಡುತ್ತಾರೆ. 2007ರಲ್ಲಿ ಡೆಮಾಕ್ರಾಟ್ ಡಿಕ್ ಡರ್ಬಿನ್ ಜೊತೆ ಸೇರಿ ಎಚ್-1ಬಿ, ಎಲ್-1 (ಕಂಪನಿಯೊಳಗಿನ ವರ್ಗಾವಣೆ ವೀಸಾ) ಸುಧಾರಣೆಗೆ ಮಸೂದೆ ತಂದರು. ಮೊದಲು ಅಮೆರಿಕನ್ನರನ್ನು ಹುಡುಕಿ, ಸಂಬಳ ಜಾಸ್ತಿ ಕೊಡಿ, ಅರ್ಧಕ್ಕಿಂತ ಹೆಚ್ಚು ನೌಕರರು ಈ ವೀಸಾಗಳ ಮೇಲಿರುವ ದೊಡ್ಡ ಕಂಪನಿಗೆ ಹೊಸ ಎಚ್-1ಬಿ ಇಲ್ಲ. ಇದು ಅದರ ತಿರುಳು. ಅದೇ ವರ್ಷ ಇನ್ಫೋಸಿಸ್, ವಿಪ್ರೋದಂಥ ಕಂಪನಿಗಳಿಗೆ ಲೆಕ್ಕ ಕೇಳಿ ಪತ್ರ ಹೋಯಿತು. ಮಸೂದೆ ಪಾಸಾಗಿಲ್ಲ, ಇಬ್ಬರೂ ಬಿಟ್ಟಿಲ್ಲ, ಮತ್ತೆ ಮತ್ತೆ ತರುತ್ತಲೇ ಇದ್ದಾರೆ. 2011ರಲ್ಲಿ ಬಿ-1 (ಬಿಸಿನೆಸ್ ಭೇಟಿ) ವೀಸಾದ ದುರ್ಬಳಕೆ ಬಗ್ಗೆ ಇನ್ಫೋಸಿಸ್ ಒಳಗಿನ ನೌಕರನ ದೂರು ಬಂದಾಗ ಗ್ರಾಸ್ಲಿ ಅದರ ಹಿಂದೆ ಬಿದ್ದರು. 2013ರಲ್ಲಿ ಇನ್ಫೋಸಿಸ್ ತಪ್ಪು ಒಪ್ಪಿಕೊಳ್ಳದೆ 3.4 ಕೋಟಿ ಡಾಲರ್ ಕಟ್ಟಿ ಪ್ರಕರಣ ಮುಗಿಸಿತು.

ನಮ್ಮವರು ಇದನ್ನೆಲ್ಲ ಭಾರತೀಯರ ಮೇಲಿನ ದ್ವೇಷ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ಬಂದ ಹೊಸದರಲ್ಲಿ ಒಂದು ಕನ್ಸಲ್ಟೆನ್ಸಿ ನನ್ನನ್ನು ಪ್ರಾಜೆಕ್ಟ್ ಕೊಡದೆ ಬೆಂಚ್ ಮೇಲೆ ಕೂರಿಸಿ ಸಂಬಳ ಕೊಡಲಿಲ್ಲ. ಬೆಂಚ್ ಮೇಲಿದ್ದರೂ ಸಂಬಳ ಕೊಡಲೇಬೇಕು ಎಂದು ಕಾನೂನು ಇದೆ. ಅದು ನನಗೆ ಗೊತ್ತಿರಲಿಲ್ಲ, ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂಥವರನ್ನು ಯಾರಾದರೂ ಹಿಡಿದರೆ ನನಗೇನು ಬೇಜಾರಿಲ್ಲ.

ಬೇಜಾರಿರುವುದು ಗ್ರೀನ್ ಕಾರ್ಡ್ ವಿಷಯಕ್ಕೆ. ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಜಾಸ್ತಿ ಇಲ್ಲ ಎಂಬ ಮಿತಿ ಇದೆ. ಪುಟ್ಟ ಐಸ್‌ಲ್ಯಾಂಡ್‌ಗೂ ಅದೇ, ಭಾರತಕ್ಕೂ ಅದೇ. ಉದ್ಯೋಗದ ಗ್ರೀನ್ ಕಾರ್ಡ್‌ಗೆ ಈ ಮಿತಿ ತೆಗೆಯುವ ಮಸೂದೆ 2011ರಲ್ಲಿ ಹೌಸ್‌ನಲ್ಲಿ 389–15 ಮತಗಳಿಂದ ಪಾಸಾಯಿತು. ಸೆನೆಟ್‌ನಲ್ಲಿ ಗ್ರಾಸ್ಲಿ ತಡೆ ಹಾಕಿದರು. ಎಚ್-1ಬಿ ಬಿಗಿ ಮಾಡುವ ಷರತ್ತು ಸೇರಿಸಿದ ಮೇಲೆ 2012ರಲ್ಲಿ ತಡೆ ತೆಗೆದರು, ಅಷ್ಟರಲ್ಲಿ ಗಾಡಿ ನಿಂತಿತ್ತು. 2019ರಲ್ಲೂ ಸೆನೆಟರ್ ಮೈಕ್ ಲೀ ಜೊತೆ ಅದೇ ಚೌಕಾಸಿ. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಒಪ್ಪಿತು, ಆದರೂ ಕಾನೂನಾಗಲಿಲ್ಲ. ಕಂಪನಿ ಮಾಡಿದ ತಪ್ಪಿಗೆ ಸಾಲಿನಲ್ಲಿ ನಿಂತವನನ್ನು ಒತ್ತೆ ಇಟ್ಟುಕೊಳ್ಳುವುದು ಯಾವ ನ್ಯಾಯ? ಇದನ್ನು ಅವರ ಅಭಿಮಾನಿಗಳ ಮುಂದೆಯೂ ಹೇಳಿದ್ದೇನೆ.

ಪಕ್ಷದ ಮಾತು ಬಂದಾಗ ಅವರೂ ಪಕ್ಕಾ ಪಕ್ಷದವರೇ. 2016ರಲ್ಲಿ ಒಬಾಮಾ ಸುಪ್ರೀಂ ಕೋರ್ಟ್‌ಗೆ ಮೆರಿಕ್ ಗಾರ್ಲ್ಯಾಂಡ್ ಹೆಸರು ಕಳಿಸಿದಾಗ, ಸೆನೆಟ್‌ನ ಜುಡಿಶಿಯರಿ ಕಮಿಟಿ ಅಧ್ಯಕ್ಷರಾಗಿದ್ದ ಗ್ರಾಸ್ಲಿ ವಿಚಾರಣೆಯನ್ನೇ ಇಡಲಿಲ್ಲ.

ಭಯಪಡಬೇಕಾ ಎಂದರೆ, ಬೇಡ. ನಿಮ್ಮ ಪೇ ಸ್ಲಿಪ್, ಎಲ್‌ಸಿಎ (ನಿಮ್ಮ ಸಂಬಳ ನಮೂದಿಸಿ ಕಂಪನಿ ಸರ್ಕಾರಕ್ಕೆ ಕೊಡುವ ಅರ್ಜಿ) ಪ್ರತಿ, ಎಲ್ಲಾ ಐ-797 (ವೀಸಾ ಅರ್ಜಿ ಬಗ್ಗೆ ಬರುವ ಸರ್ಕಾರಿ ನೋಟಿಸ್) ಒಂದು ಫೈಲಿನಲ್ಲಿಡಿ. ಎಲ್‌ಸಿಎಯಲ್ಲಿ ಬರೆದ ಸಂಬಳವೇ ಕೈಗೆ ಬರುತ್ತಿದೆಯಾ ನೋಡಿಕೊಳ್ಳಿ. ಹೆಂಡತಿಯ ವೀಸಾ ಚೆನ್ನೈನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡರೆ ಅದೇ ಗ್ರಾಸ್ಲಿಯ ಡೆಮೋಯ್ನ್ ಆಫೀಸಿಗೆ ಹೋಗಿ. ನೀವು ಸಿಟಿಜನ್ ಅಲ್ಲದಿದ್ದರೂ ಇಲ್ಲಿ ವಾಸ ಮಾಡುವವರು. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅವರ ಸಿಬ್ಬಂದಿ ವಿಚಾರಿಸುತ್ತಾರೆ. ವೀಸಾ ಕೊಡಿಸುವ ಅಧಿಕಾರ ಅವರಿಗಿಲ್ಲ, ಫೈಲ್ ಎಲ್ಲಿದೆ ಎಂದು ಉತ್ತರ ತರಿಸುತ್ತಾರೆ.

ಇನ್ನೆರಡು ಎಚ್ಚರಿಕೆ. ಯಾರೇ ಅಭ್ಯರ್ಥಿ ಇಷ್ಟವಾದರೂ ಚುನಾವಣೆಗೆ ದುಡ್ಡು ಕೊಡಬೇಡಿ, ಗ್ರೀನ್ ಕಾರ್ಡ್ ಬರುವ ಮೊದಲು ಅದು ಕಾನೂನುಬಾಹಿರ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ಆಗಿ ನೋಂದಾಯಿಸಲಾ ಎಂಬ ಪ್ರಶ್ನೆ ಬಂದರೆ 'ಇಲ್ಲ' ಎನ್ನಿ. ಅವಸರದಲ್ಲಿ 'ಹೌದು' ಎಂದು ಒತ್ತಿದರೆ ಮುಂದೆ ಗ್ರೀನ್ ಕಾರ್ಡ್ ಸಮಯದಲ್ಲಿ ದೊಡ್ಡ ತಲೆನೋವು.